ಮುದುಕನ ಗಡಿಯಾರ

ಮುದುಕನ ಹೊಟ್ಟೆಯಲ್ಲಿ ಏನೂ ಇರಲಿಲ್ಲ.

ಇನ್‌ಸ್ಪೆಕ್ಟರಮ್ಮ ಟಾರ್ಚಿನ ಬೆಳಕು ಬಿಟ್ಟು ಮತ್ತೊಮ್ಮೆ ನೋಡಿದರು. ಆಳೆತ್ತರದ ಕಬ್ಬಿಣದ ಪೆಟ್ಟಿಗೆ, ಉಗಿ ಕೋಣೆಯನ್ನು ನಡೆಸುವ ಯಂತ್ರ, ಕಾರ್ಖಾನೆಯವರ ಬಾಯಲ್ಲಿ ಮುದುಕ. ಪೆಟ್ಟಿಗೆಯ ಬಾಗಿಲ ಮೇಲೆ ಹಸಿರು ಗುಂಡಿ, ಕೆಂಪು ಗುಂಡಿ, ಮೂರು ದೀಪ. ಮೂರೂ ಉರಿಯುತ್ತಿದ್ದವು. ಒಳಗೆ ಮಾತ್ರ ಧೂಳು, ಒಂದು ಸತ್ತ ಜಿರಳೆ, ಗುಂಡಿಗಳ ಬೆನ್ನಿನಿಂದ ಹೊರಟು ಸೂರಿನ ತೂತಿನಲ್ಲಿ ಮಾಯವಾಗುವ ಒಂದು ಕಟ್ಟು ವೈರು.

"ಇಪ್ಪತ್ತಾರು ವರ್ಷದ ಹಿಂದೆ ಇದರೊಳಗೆ ಒಂದು ಕಂಪ್ಯೂಟರ್ ಇತ್ತು. ನಾನೇ ಕೂರಿಸಿದ್ದು," ಅಂದರು ಮೇಷ್ಟ್ರು.

"ಈಗ?"

"ಈಗ ಜಿರಳೆ ಇದೆ. ಅದೂ ಕೆಲಸ ಬಿಟ್ಟಂಗಿದೆ."

ಮೇಷ್ಟ್ರು ಯಾವ ಶಾಲೆಯಲ್ಲೂ ಕೆಲಸಕ್ಕಿದ್ದವರಲ್ಲ. ಒಂದು ಕಾಲಕ್ಕೆ ಸಂಜೆ ಹೊತ್ತು ಕಂಪ್ಯೂಟರ್ ಹೇಳಿಕೊಡುತ್ತಿದ್ದರು, ಹೆಸರು ಅಂಟಿಕೊಂಡಿತು. ಈಗ ಮಿಕ್ಸಿ, ಪಂಪು ರಿಪೇರಿ ಮಾಡಿಕೊಂಡು ಮಂಡಿನೋವಿಗೆ ಎಣ್ಣೆ ಹಚ್ಚಿಕೊಂಡು ಇದ್ದವರನ್ನು ಇನ್‌ಸ್ಪೆಕ್ಟರಮ್ಮ ಬೆಳಿಗ್ಗೆಯೇ ಜೀಪು ಕಳಿಸಿ ಕರೆಸಿದ್ದರು.

ಆಸ್ಪತ್ರೆಗಳ ಬಟ್ಟೆ ಒಗೆಯುವ ಈ ಕಾರ್ಖಾನೆಯ ಉಗಿ ಕೋಣೆಯಲ್ಲಿ ನಾಲ್ಕು ದಿನದ ಹಿಂದೆ ಒಬ್ಬ ಕೆಲಸಗಾರ ಬೆಂದು ಸತ್ತಿದ್ದ. ಉಗಿಯ ಗುಂಡಿ ಒತ್ತಿದವನು ಅವನ ಹೆಂಡತಿಯ ತಮ್ಮ. ಅವನೀಗ ಲಾಕಪ್ಪಿನಲ್ಲಿದ್ದ.

ಸಾವಿಗೆ ಒಂದು ವಾರ ಮೊದಲು ಆ ತಮ್ಮ ಇದೇ ಕಾರ್ಖಾನೆಯ ಗೇಟಿನಲ್ಲಿ ಭಾವನ ಕೊರಳಪಟ್ಟಿ ಹಿಡಿದು, "ಇನ್ನೊಂದ್ಸಲ ನಮ್ಮಕ್ಕನ ಮೇಲೆ ಕೈ ಎತ್ತಿದ್ರೆ ಬೇಯಿಸಿಬಿಡ್ತೀನಿ," ಅಂದಿದ್ದ. ನಲವತ್ತು ಜನ ಕೇಳಿಸಿಕೊಂಡಿದ್ದರು. ಪೊಲೀಸ್ ಕಸ್ಟಡಿ ಮುಗಿದು ನಾಳೆ ಬೆಳಿಗ್ಗೆ ಅವನನ್ನು ಮತ್ತೆ ಕೋರ್ಟಿಗೆ ಹಾಜರುಪಡಿಸಬೇಕು. ಕೊಲೆ ಅಂತ ಬರೆಯಿರಿ, ಕೈ ತೊಳೆದುಕೊಳ್ಳಿ ಅಂತ ಮೇಲಿನವರು ಎರಡು ಸಲ ಫೋನು ಮಾಡಿ ಆಗಿತ್ತು.

ಅವನು ಬಾಯಿ ಬಿಟ್ಟಿದ್ದರೆ ಕೆಲಸ ಸುಲಭ ಆಗುತ್ತಿತ್ತು. ನಾಲ್ಕು ದಿನದಲ್ಲಿ ಅವನು ಆಡಿದ್ದು ಒಂದೇ ಮಾತು. "ನಮ್ಮಕ್ಕ ಊಟ ಮಾಡಿದ್ಲಾ?"

ಕೊಲೆ ಮಾಡಿದವರನ್ನು ಇನ್‌ಸ್ಪೆಕ್ಟರಮ್ಮ ಬಹಳ ನೋಡಿದ್ದರು. ಅಳುವವರು, ಬೈಯುವವರು, ಸುಳ್ಳಿನ ಮೇಲೆ ಸುಳ್ಳು ಹೊಲಿಯುವವರು. ಹೀಗೆ ಗೋಡೆಗೆ ಮುಖ ಮಾಡಿ ಕೂತವನ ಬೆನ್ನು ಬೇರೇನನ್ನೋ ಹೇಳುತ್ತದೆ ಅಂತ ಅವರ ಅನುಮಾನ.

"ವೈರು ಎಲ್ಲಿಗೆ ಹೋಗತ್ತೆ ಮೇಷ್ಟ್ರೇ?"

ಮೇಷ್ಟ್ರು ಬೆರಳೆತ್ತಿ ತೋರಿಸಿದರು. ಮೇಲೆ, ಉಗಿ ಕೋಣೆಯ ಬಾಗಿಲಿಗೆ ನೇರ ಎದುರಾಗಿ, ಗಾಜಿನ ಗೋಡೆಯ ಒಂದು ಆಫೀಸು. ಮ್ಯಾನೇಜರದು.

*

ಆಫೀಸಿಗೆ ಹೋಗುವ ಕಬ್ಬಿಣದ ಮೆಟ್ಟಿಲು ಕಟ್ಟಡದ ಹೊರಗಿತ್ತು. ಲಾರಿ ನಿಲ್ಲುವ ಅಂಗಳದಿಂದ ನೋಡಿದರೆ ಮೆಟ್ಟಿಲಿನ ಒಂದೊಂದು ಹಲಗೆಯೂ ಕಾಣುತ್ತಿತ್ತು. ಕೆಳಗಿನ ಮೂರನೇ ಮೆಟ್ಟಿಲ ಮೇಲೆ ಅವಳು ಕೂತಿದ್ದಳು. ಸತ್ತವನ ಹೆಂಡತಿ, ಲಾಕಪ್ಪಿನಲ್ಲಿರುವವನ ಅಕ್ಕ, ತಾನೂ ಇದೇ ಕಾರ್ಖಾನೆಯ ಕೆಲಸದವಳು. ತೊಡೆಯ ಮೇಲೆ ಊಟದ ಡಬ್ಬಿ ಇದ್ದ ಬಟ್ಟೆಚೀಲ. ಚೀಲದ ಹಿಡಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಳು, ಬಿಡುತ್ತಿದ್ದಳು, ಮತ್ತೆ ಹಿಂಡುತ್ತಿದ್ದಳು.

"ಮೇಡಂ, ನನ್ನ ತಮ್ಮ ಏನಾದ್ರೂ ಮಾತಾಡಿದ್ನಾ?"

"ಇಲ್ಲಮ್ಮ, ನಿನ್ನ ಊಟದ ವಿಷಯ ಕೇಳಿದ್ದು ಬಿಟ್ರೆ. ನೀನು ಊಟ ಮಾಡಿದ್ಯಾ?"

"ಅವನು ಮಾಡಿದ್ರೆ ಮಾಡ್ತೀನಿ."

"ಅವನು ನೀನು ಮಾಡಿದ್ರೆ ಮಾಡ್ತಾನಂತೆ. ಇಬ್ರೂ ಹೀಗೇ ಕೂತ್ರೆ ಡಬ್ಬಿ ನಾನು ಖಾಲಿ ಮಾಡ್ಬೇಕಾಗತ್ತೆ."

ಅವಳು ನಗಲಿಲ್ಲ. ಎಡಗಣ್ಣಿನ ಕೆಳಗೆ ಹಸಿರುಗಟ್ಟಿದ ಒಂದು ಹಳೆ ಗಾಯ, ಇನ್ನೂ ಪೂರಾ ಮಾಸಿರಲಿಲ್ಲ. ಹೊಡೆದವನು ಇಲ್ಲ, ಹೊಡೆತ ಇನ್ನೂ ಇದೆ ಅಂದುಕೊಂಡು ಇನ್‌ಸ್ಪೆಕ್ಟರಮ್ಮ ಮೆಟ್ಟಿಲು ಹತ್ತಿದರು.

ಗಂಡ ಸತ್ತ. ತಮ್ಮ ಜೈಲಿಗೆ ಹೋದರೆ ಅವಳಿಗೆ ಈ ಲೋಕದಲ್ಲಿ ಊಟ ಮಾಡಿದ್ಯಾ ಅಂತ ಕೇಳುವವರು ಯಾರೂ ಉಳಿಯುವುದಿಲ್ಲ.

*

ಆಫೀಸಿನ ಬಾಗಿಲಿಗೆ ಸಾವಿನ ದಿನವೇ ಸೀಲು ಬಿದ್ದಿತ್ತು. ಇನ್‌ಸ್ಪೆಕ್ಟರಮ್ಮ ಸೀಲು ಒಡೆದರು. ಮ್ಯಾನೇಜರ್ ಹಿಂದೆಯೇ ಬಂದು ಎಂದಿನ ಅಭ್ಯಾಸದಲ್ಲಿ ತನ್ನ ಕುರ್ಚಿಯ ಕಡೆ ಹೊರಟ.

"ನೀವು ಅಲ್ಲೇ ನಿಂತಿರಿ."

ಮೇಜು. ಪ್ರಿಂಟರು. ಗೋಡೆಗೆ ಒಂದು ಗಡಿಯಾರ. ಮೂಲೆಯಲ್ಲಿ ಬೂಟಿನ ಡಬ್ಬಿಯಷ್ಟು ದೊಡ್ಡ ಒಂದು ಕಪ್ಪು ಪೆಟ್ಟಿಗೆ, ಅದಕ್ಕೆ ಒಂದು ಪರದೆ, ಒಂದು ಕೀಲಿಮಣೆ. ಪರದೆಯ ಮೇಲೆ ಹಸಿರು ಅಕ್ಷರ. ನಾಲ್ಕು ದಿನ ಮುಚ್ಚಿದ ಕೋಣೆಯಲ್ಲಿ ಅದೊಂದು ಎಚ್ಚರವಾಗಿಯೇ ಇತ್ತು.

ಕೀಲಿಮಣೆಯ ಪಕ್ಕ ಒಂದು ಹಳದಿ ಒರೆಸುವ ಬಟ್ಟೆ. ಹಿಂಡಿದ ತಿರುವಿನಲ್ಲೇ ಒಣಗಿ, ಹಗ್ಗದ ತುಂಡಿನ ಹಾಗೆ ಸೆಟೆದುಕೊಂಡಿತ್ತು.

ಇನ್‌ಸ್ಪೆಕ್ಟರಮ್ಮ ದರ್ಜಿಯ ಮಗಳು. ಬಟ್ಟೆ ಅವರ ಕಣ್ಣು ತಪ್ಪಿಸುವುದಿಲ್ಲ. ಒರೆಸುವವರು ಹಿಂಡಿದ ಮೇಲೆ ಕೊಡವುತ್ತಾರೆ, ಹರವುತ್ತಾರೆ. ಹಿಂಡಿ ಹಿಂಡಿ ಹಾಗೇ ಬಿಟ್ಟು ಹೋಗುವುದಿಲ್ಲ. ಅದನ್ನು ಒಂದು ಕಾಗದದ ಲಕೋಟೆಗೆ ಹಾಕಿಕೊಂಡರು.

"ಕೆಳಗಿನ ಪೆಟ್ಟಿಗೆ ಖಾಲಿ ಇದೆ," ಅಂದರು.

ಮ್ಯಾನೇಜರ್ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಅದು... ಮೇಡಂ, ಹಳೇ ಕಂಪ್ಯೂಟರ್ ಆರು ವರ್ಷದ ಹಿಂದೆ ಸುಟ್ಟು ಹೋಯ್ತು. ಅಂಥದ್ದು ಎಲ್ಲೂ ಸಿಗಲ್ಲ. ಕೆಲಸ ನಿಲ್ಲಿಸೋಕಾಗತ್ತಾ? ನೂರೆಂಬತ್ತು ಜನರ ಅನ್ನ ಇದೆ ಇಲ್ಲಿ."

"ಅನ್ನದ ಮಾತು ಆಮೇಲೆ. ಇದೇನು?"

"ಎಮ್ಯುಲೇಟರ್," ಅಂದರು ಮೇಷ್ಟ್ರು. ಆಗಲೇ ಪರದೆಯ ಮುಂದೆ ಕೂತು ಕನ್ನಡಕ ಏರಿಸಿದ್ದರು. "ಸತ್ತ ಯಂತ್ರದ ವೇಷ ಹಾಕಿರೋ ಇನ್ನೊಂದು ಯಂತ್ರ. ಕೆಳಗೆ ಆ ಹುಡುಗೀರು ದಿನಾ ಬೆಳಿಗ್ಗೆ ಖಾಲಿ ಪೆಟ್ಟಿಗೆ ಒರೆಸಿ, ಮುದುಕಪ್ಪ ಇವತ್ತು ಮುನಿಸ್ಕೋಬೇಡ ಅಂತಾರಲ್ಲ? ಮುದುಕ ಇರೋದು ಇಲ್ಲಿ. ಅಂದ್ರೆ ಮುದುಕನ ಪಾತ್ರ ಮಾಡೋನು."

"ಪರವಾನಗಿ ಪತ್ರದಲ್ಲಿ ಹಳೇ ಯಂತ್ರದ ನಂಬರೇ ಇದೆ, ಅಲ್ವೇನ್ರೀ?" ಇನ್‌ಸ್ಪೆಕ್ಟರಮ್ಮ ಮ್ಯಾನೇಜರ್ ಕಡೆ ತಿರುಗಿದರು. "ಗೊತ್ತಾದ್ರೆ ಬೀಗ ಜಡೀತಾರೆ ಅಂತ ದೀಪ ಮಾತ್ರ ಉರಿಸಿಟ್ಟಿದ್ರಿ."

ಅವನು ನೆಲ ನೋಡಿದ. ಆಮೇಲೆ ಏನೋ ನೆನಪಾದವನ ಹಾಗೆ ಗೋಡೆಯ ಮೊಳೆಯಿಂದ ಒಂದು ಫೈಲು ಇಳಿಸಿದ.

"ತಪ್ಪು ಒಪ್ಕೋತೀನಿ. ಆದ್ರೆ ಈ ಸಾವಿಗೂ ಅದಕ್ಕೂ ಸಂಬಂಧ ಇಲ್ಲ. ನೋಡಿ, ಇದು ಮುದುಕನಿಗೆ ಬರೆದಿರೋ ಪ್ರೋಗ್ರಾಂ, ಸಾಲು ಸಾಲಾಗಿ. ಏಳು ತಿಂಗಳ ಹಿಂದೆ ಒಬ್ಬಳು ಉಗಿ ಕೋಣೆಯೊಳಗೆ ಸಿಕ್ಕಿಕೊಂಡು, ಸ್ವಲ್ಪದ್ರಲ್ಲಿ ಉಳಿದ್ಲು. ಆಗ ಒಳಗೆ ಒಂದು ಹಗ್ಗ ಕಟ್ಟಿಸಿದೆ. ಎಳೆದ್ರೆ ಉಗಿ ನಿಲ್ಲಬೇಕು ಅಂತ ಮೇಷ್ಟ್ರ ಹತ್ರಾನೇ ಸಾಲು ಬರೆಸಿದೆ. ಇಲ್ಲಿದೆ ನೋಡಿ. ಮೊಹರೂ ಹಾಕಿದ್ದೀನಿ."

"ಸತ್ತವನ ಮುಷ್ಟಿಯಲ್ಲಿ ಹಗ್ಗದ ತುಂಡಿತ್ತು," ಅಂದರು ಇನ್‌ಸ್ಪೆಕ್ಟರಮ್ಮ. "ಎಳೆದಿದ್ದಾನೆ. ಕಿತ್ತು ಬರೋ ಹಾಗೆ ಎಳೆದಿದ್ದಾನೆ."

"ಹೌದಲ್ವಾ? ಎಳೆದರೂ ಉಗಿ ನಿಂತಿಲ್ಲ ಅಂದ್ರೆ ಅವನ ಭಾಮೈದ ಮೊದಲೇ ಏನೋ ಕೈ ಆಡಿಸಿದ್ದಾನೆ. ಕಾಗದದಲ್ಲಿ ಸಾಲು ಇದೆಯಲ್ಲ ಮೇಡಂ!"

ಮೇಷ್ಟ್ರು ಫೈಲು ಕಿತ್ತುಕೊಂಡರು. ಆ ಸಾಲಿನ ಮೇಲೆ ಬೆರಳಿಟ್ಟರು. 

"ಈ ಸಾಲನ್ನ ಏನು ಮಾಡಿದಿರಿ?"

"ಏನು ಮಾಡೋದು? ನೀವು ಪೆನ್‌ಡ್ರೈವಲ್ಲಿ ಕಳಿಸಿದ್ರಿ. ಹಳೇ ಫೈಲು ತೆಗೆದು ಹೊಸದು ಹಾಕಿದೆ. ಆ ಕಡೆ ಒಗೆಯೋ ಯಂತ್ರಕ್ಕೂ ಹಾಗೇ ತಾನೇ ಮಾಡೋದು? ಫೈಲಲ್ಲಿ ನಲವತ್ತು ನಿಮಿಷ ಅಂತಿದ್ದನ್ನ ಮೂವತ್ತು ಅಂತ ತಿದ್ದಿದ್ರೆ ಮುಂದಿನ ಒಗೆತ ಮೂವತ್ತೇ ನಿಮಿಷ."

"ಕಂಪೈಲ್ ಮಾಡಿ ಅಂದಿದ್ನಲ್ಲ ಫೋನಲ್ಲಿ!"

"ಆಯ್ತು ಅಂದ್ನಲ್ಲ... ಫೈಲು ಹಾಕೋದಕ್ಕೇ ಹಾಗಂತಾರೆ ಅಂದ್ಕೊಂಡೆ."

 ಕೆಳಗೆ ಎಲ್ಲೋ ತಳ್ಳುಗಾಡಿಯ ಚಕ್ರ ಕಿರ್ ಅಂದಿತು.

"ನನಗೂ ಅರ್ಥ ಆಗೋ ಹಾಗೆ ಹೇಳಿ," ಅಂದರು ಇನ್‌ಸ್ಪೆಕ್ಟರಮ್ಮ.

ಮೇಷ್ಟ್ರು ಕನ್ನಡಕ ತೆಗೆದರು. "ಕೋರ್ಟಲ್ಲಿ ದುಭಾಷಿ ನೋಡಿದೀರಲ್ಲ? ಜಡ್ಜಿಗೆ ಸಾಕ್ಷಿಯ ಭಾಷೆ ಬರಲ್ಲ. ಸಾಕ್ಷಿ ಒಂದು ಮಾತಾಡ್ತಾನೆ, ದುಭಾಷಿ ಅಲ್ಲೇ ನಿಂತು ಅದನ್ನ ಜಡ್ಜಿಗೆ ಹೇಳ್ತಾನೆ. ಮುಂದಿನ ಮಾತು, ಮತ್ತೆ ಹೇಳ್ತಾನೆ. ಸಾಕ್ಷಿ ಮಾತು ತಿದ್ಕೊಂಡ್ರೆ ಜಡ್ಜಿನ ಕಿವಿಗೂ ತಿದ್ದಿದ ಮಾತೇ ಬೀಳತ್ತೆ. ಅದು ಇಂಟರ್ಪ್ರಿಟರ್. ಆ ಒಗೆಯೋ ಯಂತ್ರ ಆ ಜಾತಿ. ಫೈಲು ತಿದ್ದಿದ್ರೆ ಸಾಕು."

"ಮುದುಕ?"

"ಮುದುಕನದು ಕಂಪೈಲರ್. ಸಾಕ್ಷಿಯ ಪೂರ್ತಿ ಹೇಳಿಕೆಯನ್ನ ಒಂದೇ ಸಲ ಕೂತು ಜಡ್ಜಿನ ಭಾಷೆಗೆ ಬರೆದು, ಕಟ್ಟು ಕಟ್ಟಿ ಅವರ ಕೈಗೆ ಕೊಟ್ಟಾಯ್ತು. ದುಭಾಷಿ ಮನೆಗೆ ಹೋದ. ಇನ್ನು ಸಾಕ್ಷಿ ತನ್ನ ಮನೇಲಿರೋ ಪ್ರತಿಯಲ್ಲಿ ಏನು ತಿದ್ಕೊಂಡ್ರೂ ಜಡ್ಜಿಗೆ ಹೇಗೆ ಗೊತ್ತಾಗ್ಬೇಕು? ಮತ್ತೆ ದುಭಾಷಿನ ಕರೆಸಬೇಕು, ಮತ್ತೆ ಪೂರ್ತಿ ಬರೆಸಬೇಕು. ಇಲ್ಲಿ ಯಾರೂ ಕರೆಸಲಿಲ್ಲ."

ಇನ್‌ಸ್ಪೆಕ್ಟರಮ್ಮ ತಲೆಯಾಡಿಸಿದರು. "ರವಿಕೆ ಹೊಲಿದು ಕೊಟ್ಟ ಮೇಲೆ ಅಳತೆ ಪುಸ್ತಕ ತಿದ್ದಿದ ಹಾಗೆ. ಪುಸ್ತಕದಲ್ಲಿ ತೋಳು ಸಡಿಲ ಆಯ್ತು. ತೊಟ್ಟವಳ ತೋಳಿಗೆ ಬಿಗೀನೇ."

"ನೀವು ಇಪ್ಪತ್ತಾರು ವರ್ಷದ ಹಿಂದೆ ನನ್ನ ಕ್ಲಾಸಿಗೆ ಬರಬೇಕಿತ್ತು ಇನ್‌ಸ್ಪೆಕ್ಟರಮ್ಮ."

"ಫೀಸು ಕಟ್ಟೋಕೆ ನಮ್ಮಪ್ಪ ಇನ್ನೆಷ್ಟು ರವಿಕೆ ಹೊಲೀಬೇಕಿತ್ತೋ. ಅದಿರಲಿ, ಆ ಎಮ್ಯುಲೇಟರು?"

"ಜಡ್ಜೇ ಸತ್ತುಹೋದ್ರು ಅಂತಿಟ್ಕೊಳ್ಳಿ. ಬರೆದಿಟ್ಟ ಕಟ್ಟು ಅವರ ಭಾಷೇಲಿ ಮಾತ್ರ ಇದೆ. ಆಗ ಅವರ ಹಾಗೇ ಓದೋ, ಅವರ ಹಾಗೇ ಯೋಚನೆ ಮಾಡೋ, ಅವರ ಹಾಗೇ ಕೆಮ್ಮೋ ಒಬ್ಬ ವೇಷಗಾರನ್ನ ಅದೇ ಕುರ್ಚಿ ಮೇಲೆ ಕೂರಿಸೋದು. ಇವನು ಅನುವಾದ ಮಾಡಲ್ಲ. ಸತ್ತವರ ಹಾಗೆ ಬದುಕ್ತಾನೆ, ಅಷ್ಟೇ. ಅವರು ಏನು ಮಾಡ್ತಿದ್ರೋ ಅದನ್ನೇ ಮಾಡ್ತಾನೆ. ತಪ್ಪನ್ನೂ."

*

ಮಾತಿನಲ್ಲಿ ಹೇಳಿದ್ದನ್ನು ಕೋರ್ಟು ಕೇಳುವುದಿಲ್ಲ. ಮೇಷ್ಟ್ರು ಚೀಲದಿಂದ ತಮ್ಮ ಹಳೇ ಲ್ಯಾಪ್‌ಟಾಪ್ ತೆಗೆದು, ಕಪ್ಪು ಪೆಟ್ಟಿಗೆಯಲ್ಲಿದ್ದದ್ದನ್ನು ನಕಲು ಮಾಡಿಕೊಂಡರು.

"ಇದು ಮುದುಕನ ಇನ್ನೊಂದು ವೇಷ. ಇಲ್ಲಿ ಉಗಿ ಇಲ್ಲ. ಬಿಟ್ಟೆ ಅಂತ ಅಕ್ಷರದಲ್ಲಿ ಹೇಳತ್ತೆ. ಯಾರೂ ಸಾಯಲ್ಲ."

ಹಸಿರು ಗುಂಡಿ ಒತ್ತಿದ್ದಾಯಿತು. *ಬಾಗಿಲು ಮುಚ್ಚಿದೆ* ಅಂತ ಬಂತು. ಹತ್ತು ಸೆಕೆಂಡು. *ಉಗಿ ಬಿಟ್ಟಿದೆ.*

"ಈಗ ಹಗ್ಗ ಎಳೀತೀನಿ." ಮೇಷ್ಟ್ರು ಒಂದು ಕೀಲಿ ಒತ್ತಿದರು.

*ಉಗಿ ಬಿಟ್ಟಿದೆ.*

ಮತ್ತೆ ಒತ್ತಿದರು. ಮತ್ತೆ, ಮತ್ತೆ. ಆರನೇ ಸಲಕ್ಕೆ ಇನ್‌ಸ್ಪೆಕ್ಟರಮ್ಮ ಅವರ ಮಣಿಕಟ್ಟು ಹಿಡಿದು ನಿಲ್ಲಿಸಿದರು. ಪರದೆಯ ತುಂಬ ಅದೇ ಎರಡು ಪದ, ಒಂದರ ಕೆಳಗೊಂದು. ಸತ್ತವನು ಎಷ್ಟು ಸಲ ಎಳೆದನೋ.

ಆಮೇಲೆ ಮೇಷ್ಟ್ರು ಕಾಗದದ ಫೈಲಿನ ಪ್ರೋಗ್ರಾಮನ್ನೇ ಕಂಪೈಲ್ ಮಾಡಿದರು. ಎರಡು ನಿಮಿಷವೂ ಹಿಡಿಯಲಿಲ್ಲ. ಗುಂಡಿ. ಉಗಿ. ಹಗ್ಗ.

*ಉಗಿ ನಿಂತಿದೆ.*

ಎರಡು ನಿಮಿಷದ ಕೆಲಸ. ಏಳು ತಿಂಗಳು ಯಾರೂ ಮಾಡಿರಲಿಲ್ಲ.

ಮ್ಯಾನೇಜರ್ ಗೋಡೆಗೆ ಒರಗಿದ. "ನಾನು ದುಡುಕಲಿಲ್ಲ ಮೇಡಂ. ಮೊಹರು ಹಾಕಿದ್ದೆ. ದಿನಾ ನೋಡ್ತಿದ್ದೆ, ಸಾಲು ಇದೆ ಅಂತ ಧೈರ್ಯವಾಗಿದ್ದೆ..."

"ನಾನು ಬಂದು ಮಾಡಬೇಕಿತ್ತು," ಅಂದರು ಮೇಷ್ಟ್ರು. "ಮಂಡಿನೋವು ಅಂತ ಮನೇಲಿ ಕೂತೆ."

ಇಬ್ಬರಿಗೂ ಸಮಾಧಾನ ಹೇಳುವ ಹೊತ್ತು ಇದಲ್ಲ ಅಂತ ಇನ್‌ಸ್ಪೆಕ್ಟರಮ್ಮನಿಗೆ ಗೊತ್ತಿತ್ತು. ಹಗ್ಗದ ಪಾಪ ತಮ್ಮನ ತಲೆಯಿಂದ ಇಳಿಯಿತು, ಸರಿ. ಆದರೆ ಭಾವ ಒಳಗಿದ್ದಾಗ ಬಾಗಿಲು ಮುಚ್ಚಿ ಗುಂಡಿ ಒತ್ತಿದ್ದು? ಯಂತ್ರದ ದಾಖಲೆಯಲ್ಲಿ ಸ್ಪಷ್ಟವಾಗಿ ಇದೆ. ಗುಂಡಿ, ಎರಡು ಗಂಟೆ ಹತ್ತು ನಿಮಿಷ. ಉಗಿ ಬಿಟ್ಟದ್ದೂ ಅದೇ ಎರಡೂ ಹತ್ತಕ್ಕೆ. ಆ ಹೊತ್ತಿಗೆ ಅವನು ಪೆಟ್ಟಿಗೆಯ ಮುಂದೆ ನಿಂತಿದ್ದನ್ನು ಇಬ್ಬರು ಕಂಡಿದ್ದರು. ಎರಡೂಕಾಲಿನಿಂದ ಅವನು ಅಂಗಳದಲ್ಲಿ ಲಾರಿಗೆ ಗಂಟು ಹೊರುತ್ತಿದ್ದ ಅಂತ ಡ್ರೈವರ್ ಹೇಳಿದ್ದ. ಅಷ್ಟೊತ್ತಿಗೆ ಭಾವ ಒಳಗೆ ಬೇಯುತ್ತಿದ್ದ ಅಂತಲೇ ಎಲ್ಲರ ಲೆಕ್ಕ.

ಒಬ್ಬಳು ಮಾತ್ರ ಬೇರೆ ಹೇಳಿದ್ದಳು. ಗಾಡಿ ತಳ್ಳುವವಳು. "ಎರಡೂಕಾಲಿನ ಗಂಟೆ ಹೊಡೆದ ಮೇಲೆ, ಸತ್ತೋದನಲ್ಲ, ಅವನು ನಲ್ಲಿ ಹತ್ರ ನೀರು ಕುಡೀತಿದ್ದ ಕಣಮ್ಮ, ನಾನು ನೋಡ್ದೆ." ಅವಳ ಕೈಯಲ್ಲಿ ವಾಚಿರಲಿಲ್ಲ. ಯಂತ್ರದ ಹತ್ತಿರ ಗಡಿಯಾರ ಇತ್ತು. ಠಾಣೆಯಲ್ಲಿ ಎಲ್ಲರೂ ಗಡಿಯಾರವನ್ನೇ ನಂಬಿದ್ದರು.

"ಇನ್‌ಸ್ಪೆಕ್ಟರಮ್ಮ," ಮೇಷ್ಟ್ರ ದನಿ ಬೇರೆಯಾಗಿತ್ತು. "ಗೋಡೆ ಗಡಿಯಾರದಲ್ಲಿ ಎಷ್ಟು?"

"ಹನ್ನೊಂದು ನಲವತ್ತೊಂದು."

"ನಿಮ್ಮ ವಾಚಲ್ಲಿ?"

"ಅಷ್ಟೇ."

ಮೇಷ್ಟ್ರು ಕಪ್ಪು ಪೆಟ್ಟಿಗೆಯ ಪರದೆಯ ಮೂಲೆಗೆ ಬೆರಳಿಟ್ಟರು. ಮುದುಕನ ಪಾಲಿಗೆ ಇನ್ನೂ ಹನ್ನೊಂದು ಇಪ್ಪತ್ತೇಳು.

ಇನ್‌ಸ್ಪೆಕ್ಟರಮ್ಮ ನಿಧಾನವಾಗಿ ಮ್ಯಾನೇಜರ್ ಕಡೆ ತಿರುಗಿದರು.

"ಹದಿನಾಲ್ಕು ನಿಮಿಷ ಎಲ್ಲಿ ಹೋಯ್ತು?"

"ನನಗೇನು ಗೊತ್ತು ಮೇಡಂ, ಹಳೇ ಸಾಮಾನು..."

"ಇದು ಹಳೇ ಸಾಮಾನಲ್ಲ, ಹಳೇ ಸಾಮಾನಿನ ವೇಷ," ಮೇಷ್ಟ್ರು ತಡೆದರು. "ಗಡಿಯಾರ ತಾನಾಗಿ ಹಿಂದೆ ಬೀಳಲ್ಲ. ಯಾರೋ ಇದನ್ನ ನಡುವೆ ನಿಲ್ಲಿಸಿದ್ದಾರೆ. ನಿಜವಾದ ಯಂತ್ರ ಆಫ್ ಮಾಡಿದ್ರೆ ಸಾಯತ್ತೆ. ವೇಷಗಾರನ್ನ ಮಾತ್ರ ಕೈ ಎತ್ತಿದ ಭಂಗಿಯಲ್ಲೇ ನಿದ್ದೆಗೆ ಹಾಕಬಹುದು. ಅವನ ಪಾಲಿಗೆ ಲೋಕ ಅಲ್ಲೇ ನಿಲ್ಲತ್ತೆ, ಗಡಿಯಾರವೂ. ಎಬ್ಬಿಸಿದ್ರೆ ಎತ್ತಿದ ಕೈ ಇಳಿಯತ್ತೆ. ನಡುವೆ ಎಷ್ಟು ಹೊತ್ತಾಯ್ತು ಅಂತ ಅವನಿಗೆ ಗೊತ್ತಾಗಲ್ಲ."

"ಹೇಳಿ," ಅಂದರು ಇನ್‌ಸ್ಪೆಕ್ಟರಮ್ಮ. ಗದರಲಿಲ್ಲ. ಕುರ್ಚಿ ಎಳೆದು ಅವನ ಮುಂದಿಟ್ಟರು. "ಕೂತು ಹೇಳಿ. ನಾಲ್ಕು ದಿನದಿಂದ ನಿದ್ದೆ ಮಾಡಿಲ್ಲ ನೀವು. ಕಣ್ಣು ನೋಡಿದ್ರೆ ಗೊತ್ತಾಗತ್ತೆ."

ಅವನು ಕೂತ. ಹೇಳಿದ.

ಇದೂ ಸುಟ್ಟು ಹೋದರೆ ಏನು ಗತಿ ಅಂತ ದಿನಾ ಮಧ್ಯಾಹ್ನ ಊಟಕ್ಕೆ ಹೋಗುವ ಮುಂಚೆ ಮುದುಕನನ್ನು ನಿದ್ದೆಗೆ ಹಾಕಿ ಒಂದು ನಕಲು ತೆಗೆಯುತ್ತಿದ್ದ. ಊಟ ಮುಗಿಸಿ ಬಂದು ಎಬ್ಬಿಸುತ್ತಿದ್ದ. ಸಂಜೆ ಗಡಿಯಾರ ಸರಿ ಮಾಡುತ್ತಿದ್ದ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಹೊತ್ತಿನಲ್ಲಿ ಗುಂಡಿ ಒತ್ತಿದವರು, ಮುದುಕ ಮುನಿಸಿಕೊಂಡಿದೆ, ಆಮೇಲೆ ನೋಡೋಣ ಅಂತ ಬೇರೆ ಕೆಲಸಕ್ಕೆ ಹೋಗುತ್ತಿದ್ದರು. ಆ ದಿನ ಸಂಜೆ ಮಾತ್ರ ಗಡಿಯಾರ ತಿದ್ದಲಾಗಲಿಲ್ಲ. ಅಷ್ಟರಲ್ಲಿ ಬಾಗಿಲಿಗೆ ಸೀಲು ಬಿದ್ದಿತ್ತು.

"ಆ ದಿನ ಯಾವಾಗ ಮಲಗಿಸಿದಿರಿ?"

"ಎರಡೂ ಹತ್ತಕ್ಕೆ."

ಮೇಷ್ಟ್ರು ಕಣ್ಣು ಮುಚ್ಚಿದರು.

"ಬಾಗಿಲು ಮುಚ್ಚಿದೆಯಾ ಅಂತ ಗುಂಡಿ ಒತ್ತಿದಾಗ ಒಂದೇ ಸಲ ನೋಡತ್ತೆ," ಅಂದರು. "ಆಮೇಲೆ ಹತ್ತು ಸೆಕೆಂಡು ಕಾದು ಉಗಿ ಬಿಡತ್ತೆ. ನಾನೇ ಹಾಗೆ ಬರೆದದ್ದು. ಹತ್ತು ಸೆಕೆಂಡಲ್ಲಿ ಯಾರು ಬಾಗಿಲು ತೆಗೆದು ಒಳಗೆ ಹೋಗ್ತಾರೆ ಅಂದ್ಕೊಂಡೆ. ಆ ತಮ್ಮ ಗುಂಡಿ ಒತ್ತಿದ, ಬಾಗಿಲು ಮುಚ್ಚಿತ್ತು, ಸರಿ ಅಂತು ಮುದುಕ. ಹತ್ತು ಸೆಕೆಂಡಿನ ನಡುವೆ ಇವರು ನಿದ್ದೆಗೆ ಹಾಕಿದ್ರು. ಉಗಿ ಬರಲಿಲ್ಲ. ತಮ್ಮ ಲಾರಿ ಕಡೆ ಹೋದ. ಭಾವ ನೀರು ಕುಡಿದು, ಏನಾಯ್ತು ನೋಡೋಣ ಅಂತ ಬಾಗಿಲು ತೆಗೆದು ಒಳಗೆ ಹೋದ. ಆ ಬಾಗಿಲು ಸ್ಪ್ರಿಂಗಿನದು, ಹಿಂದೆಯೇ ಮುಚ್ಚಿಕೊಳ್ಳತ್ತೆ, ಉಗಿ ಬಿಟ್ಟ ಮೇಲೆ ಒಳಗಿನಿಂದ ತೆಗೆಯೋಕಾಗಲ್ಲ. ಹತ್ತು ಸೆಕೆಂಡು ಹದಿನಾಲ್ಕು ನಿಮಿಷ ಆಗಿತ್ತು ಇನ್‌ಸ್ಪೆಕ್ಟರಮ್ಮ."

ಅಂದರೆ ಉಗಿ ಬಂದದ್ದು ಎರಡು ಇಪ್ಪತ್ನಾಲ್ಕಕ್ಕೆ. ಗಾಡಿ ತಳ್ಳುವವಳು ಕಂಡದ್ದು ನಿಜ. ತಮ್ಮ ಆಗ ಅಂಗಳದಲ್ಲಿ, ಬೆನ್ನ ಮೇಲೆ ಗಂಟು ಹೊತ್ತು, ಡ್ರೈವರಿನ ಕಣ್ಣೆದುರಿಗೇ ಇದ್ದ. ಅವನು ಕೊಂದಿಲ್ಲ.

ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು ಇನ್‌ಸ್ಪೆಕ್ಟರಮ್ಮನಿಗೆ. ಇಳಿದದ್ದು ಒಂದೇ ಉಸಿರಿನಷ್ಟು ಹೊತ್ತು.

"ಎರಡು ಇಪ್ಪತ್ನಾಲ್ಕಕ್ಕೆ ಎಬ್ಬಿಸಿದ್ದು ನೀವಾ?"

"ಅಲ್ಲ ಮೇಡಂ! ನಾನು ಬಂದಿದ್ದೇ ಎರಡೂ ನಲವತ್ತಕ್ಕೆ. ಊಟದ ಮನೇಲಿ ಹತ್ತು ಜನ ನೋಡಿದ್ದಾರೆ. ಬಂದಾಗ ಇದು ಎದ್ದು ಕೂತಿತ್ತು.  ಹೇಳಿದ್ರೆ ಎಲ್ಲಾ ಬಯಲಾಗತ್ತೆ ಅಂತ ಬಾಯಿ ಮುಚ್ಕೊಂಡೆ."

"ಎಬ್ಬಿಸೋಕೆ ಏನು ಮಾಡ್ಬೇಕು?"

"ಏನೂ ಇಲ್ಲ. ಯಾವುದಾದ್ರೂ ಒಂದು ಕೀಲಿ ತಗುಲಿದ್ರೂ ಸಾಕು."

"ಆ ಹೊತ್ತಿಗೆ ಈ ಕೋಣೆಗೆ ಯಾರು ಬರ್ತಾರೆ?"

ಅವನು ತಿರುಗಿದ. ಮುಚ್ಚಿದ ಬಾಗಿಲಿನ ಕಡೆ, ಅದರಾಚೆಯ ಮೆಟ್ಟಿಲಿನ ಕಡೆ ನೋಡಿದ.

"ಒರೆಸೋಕೆ ಬರ್ತಾಳೆ," ಅಂದ. "ದಿನಾ ನಾನು ಊಟಕ್ಕೆ ಹೋದಾಗ. ಪರದೆ ಬೂದು ಬಣ್ಣಕ್ಕೆ ತಿರುಗಿದ್ರೆ ಕೀಲಿಮಣೆ ಮುಟ್ಟಬೇಡ, ಮುದುಕ ಎದ್ದುಬಿಡ್ತಾನೆ ಅಂತ ನಾನೇ ಹೇಳಿಕೊಟ್ಟಿದ್ದೆ. ಎರಡು ವರ್ಷದಲ್ಲಿ ಒಂದ್ಸಲಾನೂ ತಪ್ಪಿಲ್ಲ ಅವಳು."

ಯಾರು ಅಂತ ಇನ್‌ಸ್ಪೆಕ್ಟರಮ್ಮ ಕೇಳಲಿಲ್ಲ.

ಕೀಲಿಮಣೆಯ ಮುಂದೆ ಹೋಗಿ ನಿಂತರು. ಅಲ್ಲಿಂದ ತಲೆ ಎತ್ತಿದರೆ ಗಾಜು. ಗಾಜಿನಾಚೆ, ಕೆಳಗೆ, ಉಗಿ ಕೋಣೆಯ ಬಾಗಿಲು. ಒಳಗೆ ಹೋಗುವವರ ಬೆನ್ನು, ಹೆಗಲು, ಅಂಗಿಯ ಬಣ್ಣ, ಎಲ್ಲ ಕಾಣುವಷ್ಟು ಹತ್ತಿರ.

*

ಅವಳು ಅದೇ ಮೂರನೇ ಮೆಟ್ಟಿಲ ಮೇಲಿದ್ದಳು. ಇನ್‌ಸ್ಪೆಕ್ಟರಮ್ಮ ಎರಡು ಮೆಟ್ಟಿಲು ಮೇಲೆ ಕೂತರು. ಎದುರಿಗೆ ಅಂಗಳ. ಬಿಸಿಲಿನಲ್ಲಿ ಒಂದು ಖಾಲಿ ಲಾರಿ. ಆ ದಿನ ಲಾರಿಯ ಹಿಂದೆ ನಿಂತವನು ತಲೆ ಎತ್ತಿದ್ದರೆ, ಈ ಮೆಟ್ಟಿಲು ಇಳಿದು ಬಂದವರ ಮುಖ ಕಾಣದೆ ಇರುವುದಕ್ಕೆ ಸಾಧ್ಯವೇ ಇರಲಿಲ್ಲ.

ನಾಲ್ಕು ದಿನದ ಮೌನ ಯಾಕೆ ಅಂತ ಈಗ ಯಾರೂ ಹೇಳಬೇಕಾಗಿರಲಿಲ್ಲ.

"ನಿನ್ನ ತಮ್ಮ ಒತ್ತಿದ ಗುಂಡಿಯಿಂದ ಆ ಹೊತ್ತಿಗೆ ಉಗಿ ಬಂದಿಲ್ಲಮ್ಮ," ಅಂದರು. "ಅವನು ಕೊಂದಿಲ್ಲ ಅಂತ ಗೊತ್ತಾಯ್ತು. ನಾಳೆ ಕೋರ್ಟಲ್ಲಿ ಹಾಗೇ ಹೇಳ್ತೀನಿ."

ತಮ್ಮ ಉಳಿದ ಅಂತ ಕೇಳಿದ ಅಕ್ಕ ಅಳಬೇಕಿತ್ತು, ಕೈ ಮುಗಿಯಬೇಕಿತ್ತು. ಚೀಲದ ಹಿಡಿ ಹಿಂಡುತ್ತಿದ್ದ ಕೈ ನಿಂತಿತು, ಅಷ್ಟೇ.

"ಅವನು ಮಾತಾಡಿದ್ನಾ?"

"ಇಲ್ಲ. ಅವನು ಜನ್ಮದಲ್ಲಿ ಮಾತಾಡಲ್ಲ. ಮುದುಕ ಮಾತಾಡ್ದ."

ಅವಳ ಕಣ್ಣು ಇನ್‌ಸ್ಪೆಕ್ಟರಮ್ಮನ ಕೈಯಲ್ಲಿದ್ದ ಲಕೋಟೆಯ ಮೇಲೆ ಬಿತ್ತು. ಒಂದು ತುದಿಯಿಂದ ಹಳದಿ ಬಟ್ಟೆಯ ಅಂಚು ಇಣುಕುತ್ತಿತ್ತು. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಊಟದ ಡಬ್ಬಿಯನ್ನು ತೊಡೆಯಿಂದ ಇಳಿಸಿ ಪಕ್ಕಕ್ಕೆ ಇಟ್ಟಳು, ಇನ್ನು ಅದನ್ನು ತಾನು ಒಯ್ಯುವುದಿಲ್ಲ ಅನ್ನುವ ಹಾಗೆ.

"ಮೇಡಂ," ಅಂದಳು, ಮೆಲ್ಲಗೆ. "ಆ ಕೀಲಿಮಣೆ ಮುಂದೆ ನಾನು ಎಷ್ಟು ಹೊತ್ತು ನಿಂತಿದ್ದೆ ಅಂತಾನೂ ಹೇಳಿತಾ?"